ಸರ್ಕಾರಿ ನೌಕರಿಯ ಪರೀಕ್ಷೆಗೆ ಗಣಿತ: ಶೇಕಡಾವಾರಿನಿಂದ ಆರಂಭಿಸಿ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಲ್ಲಿ ಬಹಳಷ್ಟು ಮಂದಿ ಕಲಾ ವಿಭಾಗದಲ್ಲಿ ಪದವಿ ಮುಗಿಸಿದವರು. ಎಸ್‌ಎಸ್‌ಎಲ್‌ಸಿ ದಾಟಿದ ಮೇಲೆ ಅವರು ಗಣಿತದ ಪುಸ್ತಕ ಮುಟ್ಟಿರುವುದಿಲ್ಲ. ಇತಿಹಾಸ, ಸಂವಿಧಾನ, ಭೂಗೋಳಗಳನ್ನು ನಾಲ್ಕಾರು ಸಲ ತಿರುವಿ ಹಾಕಿದವರೂ ಗಣಿತದ ಮಾತು ಬಂದರೆ ‘ಅದೊಂದನ್ನು ಬಿಟ್ಟು ಉಳಿದದ್ದರಲ್ಲಿ ಅಂಕ ತೆಗೆದರಾಯಿತು’ ಎನ್ನುತ್ತಾರೆ. ಈ ಲೇಖನ ಅವರಿಗಾಗಿ.

ಬಿಡಬೇಡಿ ಎನ್ನುವುದಕ್ಕೆ ಗಟ್ಟಿ ಕಾರಣವಿದೆ. ಪ್ರಚಲಿತ ವಿದ್ಯಮಾನಗಳು ದಿನದಿನಕ್ಕೂ ಬೆಳೆಯುತ್ತವೆ, ಎಷ್ಟು ಓದಿದರೂ ಉಳಿಯುತ್ತವೆ. ಶೇಕಡಾವಾರು, ಸರಾಸರಿ, ಬಡ್ಡಿ ಹಾಗಲ್ಲ. ಇವು ಮುಗಿಯುವ ಪಾಠಗಳು. ಒಮ್ಮೆ ಕೈಗೆ ಬಂದರೆ ಮುಂದಿನ ಹತ್ತು ಪರೀಕ್ಷೆಗಳಿಗೂ ಅದೇ ಪಾಠ ಸಾಕು. ಇನ್ನೊಂದು ಮಾತು: ಕೇಳುವ ಲೆಕ್ಕಗಳಲ್ಲಿ ಬಹುಪಾಲು ಆರರಿಂದ ಹತ್ತನೇ ತರಗತಿಯ ಅಂಕಗಣಿತ. ಎಪಿಎಂಸಿಯಲ್ಲಿ ಭತ್ತ, ಹತ್ತಿ ಮಾರಿದ ಮನೆಯ ಮಕ್ಕಳು ಅದರಲ್ಲಿ ಅರ್ಧವನ್ನು ಕಿವಿಯಿಂದಲೇ ಕಲಿತಿರುತ್ತಾರೆ. ಅದನ್ನು ಕಾಗದದ ಮೇಲೆ ತರುವುದಷ್ಟೇ ಬಾಕಿ.

ಮೊದಲು ಅಧಿಸೂಚನೆ, ಆಮೇಲೆ ಪುಸ್ತಕ

ಯಾವ ಪರೀಕ್ಷೆ ಎಂಬುದನ್ನು ನಿರ್ಧರಿಸದೆ ದಪ್ಪ ಪುಸ್ತಕ ಕೊಳ್ಳಬೇಡಿ. ಪರೀಕ್ಷೆಯಿಂದ ಪರೀಕ್ಷೆಗೆ ಗಣಿತದ ತೂಕ ಬಹಳ ಬದಲಾಗುತ್ತದೆ. ರೈಲ್ವೆಯ ಎನ್‌ಟಿಪಿಸಿ (ತಾಂತ್ರಿಕೇತರ ಹುದ್ದೆಗಳ) ಪರೀಕ್ಷೆಯ ಮೊದಲ ಹಂತದಲ್ಲಿ 90 ನಿಮಿಷಕ್ಕೆ 100 ಪ್ರಶ್ನೆಗಳು, ಅದರಲ್ಲಿ 30 ಗಣಿತದವು. ಗ್ರೂಪ್ ‘ಡಿ’ಯಲ್ಲಿ 100ಕ್ಕೆ 25. ಸಿಬ್ಬಂದಿ ಆಯ್ಕೆ ಆಯೋಗದ ಜಿ.ಡಿ. (ಸಾಮಾನ್ಯ ಕರ್ತವ್ಯ) ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ 80ಕ್ಕೆ 20. ಗ್ರಾಮೀಣ ಬ್ಯಾಂಕಿನ ಕಚೇರಿ ಸಹಾಯಕ ಹುದ್ದೆಯ ಪ್ರಾಥಮಿಕ ಪರೀಕ್ಷೆಯಲ್ಲಂತೂ 45 ನಿಮಿಷಕ್ಕೆ 80 ಪ್ರಶ್ನೆ, ಅರ್ಧಕ್ಕರ್ಧ ಅಂಕಗಣಿತ. ರಾಜ್ಯದ ಪರೀಕ್ಷೆಗಳಲ್ಲಿ ಗಣಿತ ‘ಮಾನಸಿಕ ಸಾಮರ್ಥ್ಯ’ ಎಂಬ ಹೆಸರಿನೊಳಗೆ ಬರುತ್ತದೆ. ಪಿಎಸ್‌ಐ ಪರೀಕ್ಷೆಯ ಎರಡನೇ ಪತ್ರಿಕೆ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆ, ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಎರಡನೇ ಪತ್ರಿಕೆ, ಎಲ್ಲದರಲ್ಲೂ ಅದಿದೆ. ಅಲ್ಲಿ ತರ್ಕದ ಪ್ರಶ್ನೆಗಳೂ ಬೆರೆತಿರುತ್ತವೆ. ಮಾದರಿ ಬದಲಾಗುವುದುಂಟು. ಆದ್ದರಿಂದ ನೀವು ಅರ್ಜಿ ಹಾಕುವ ವರ್ಷದ ಅಧಿಸೂಚನೆಯಲ್ಲಿ ಪಠ್ಯಕ್ರಮದ ಪುಟವನ್ನು ಮುದ್ರಿಸಿ ಗೋಡೆಗೆ ಅಂಟಿಸಿಕೊಳ್ಳಿ.

ನಮ್ಮ ಭಾಗದವರು ಇನ್ನೊಂದನ್ನು ಲಕ್ಷ್ಯದಲ್ಲಿಡಬೇಕು. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದಲ್ಲಿ ರಾಜ್ಯ ಸರ್ಕಾರದ ಸ್ಥಳೀಯ ವೃಂದದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ 80, ಗ್ರೂಪ್ ‘ಡಿ’ ಹುದ್ದೆಗಳಲ್ಲಿ ಶೇ 85 ಸ್ಥಳೀಯರಿಗೆ ಮೀಸಲು. ರೈಲ್ವೆ, ಸಿಬ್ಬಂದಿ ಆಯ್ಕೆ ಆಯೋಗ, ಬ್ಯಾಂಕುಗಳಿಗೆ ಅದು ಅನ್ವಯಿಸುವುದಿಲ್ಲ. ಅಲ್ಲಿ ಬೇರೆ ಜಿಲ್ಲೆ, ಬೇರೆ ರಾಜ್ಯಗಳ ಅಭ್ಯರ್ಥಿಗಳೊಂದಿಗೆ ನೇರ ಪೈಪೋಟಿ. ಅವರನ್ನು ಹಿಂದೆ ಹಾಕಲು ಇರುವ ಅವಕಾಶ ಹೆಚ್ಚಾಗಿ ಗಣಿತದಲ್ಲೇ ಇರುತ್ತದೆ.

ಪರೀಕ್ಷೆ ನಿರ್ಧಾರವಾದ ಮೇಲೆ ಅದರ ಒಂದು ಹಳೆಯ ಪ್ರಶ್ನೆಪತ್ರಿಕೆ ತೆಗೆದುಕೊಳ್ಳಿ. ಗಡಿಯಾರ ನೋಡದೆ, ಎರಡು ದಿನ ಹಿಡಿದರೂ ಸರಿ, ಗಣಿತದ ಎಲ್ಲ ಪ್ರಶ್ನೆಗಳನ್ನೂ ಬಿಡಿಸಲು ಕೂರಿ. ಎಷ್ಟು ಸರಿಯಾಯಿತು ಎಂಬುದು ಈಗ ಮುಖ್ಯವಲ್ಲ. ಯಾವ ಅಧ್ಯಾಯದ ಪ್ರಶ್ನೆ ಓದಿದಾಗ ಪೆನ್ನು ಮುಂದೆ ಸರಿಯಲೇ ಇಲ್ಲ ಎಂಬುದನ್ನು ಗುರುತು ಹಾಕಿಕೊಳ್ಳಿ. ಆ ಪಟ್ಟಿಯೇ ನಿಮ್ಮ ಪಠ್ಯಕ್ರಮ.

ಬುನಾದಿಗೆ ಬೇಕಾದ ಪುಸ್ತಕ ಶಾಲೆಯದೇ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಕನ್ನಡ ಮಾಧ್ಯಮದ ಗಣಿತ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಆರು, ಏಳು, ಎಂಟನೇ ತರಗತಿಯವನ್ನು ಮೊದಲು ಮುಗಿಸಿ. ಪದವೀಧರರಾಗಿ ಆರನೇ ತರಗತಿಯ ಪುಸ್ತಕ ಹಿಡಿಯುವುದೆಂದರೆ ಕೆಲವರಿಗೆ ಮುಜುಗರ. ಆದರೆ ಭಿನ್ನರಾಶಿ ಭಾಗಿಸಲು ತಡವರಿಸುವ ಅಭ್ಯರ್ಥಿಗೆ ದೊಡ್ಡ ಮಾರ್ಗದರ್ಶಿ ಪುಸ್ತಕದಿಂದ ಹಣ ಖರ್ಚಾಗುವುದೇ ಹೊರತು ಬೇರೇನೂ ಆಗುವುದಿಲ್ಲ. ಗಣಿತಕ್ಕೆಂದೇ ತರಬೇತಿ ಕೇಂದ್ರಗಳ ಊರಾದ ಧಾರವಾಡದಲ್ಲಿ ಕೋಣೆ ಬಾಡಿಗೆಗೆ ಹಿಡಿಯಬೇಕೆಂದು ನನಗೆ ಅನ್ನಿಸಿಲ್ಲ. ಜಿಲ್ಲಾ ಗ್ರಂಥಾಲಯದಲ್ಲೋ ಊರಿನ ಅರಿವು ಕೇಂದ್ರದಲ್ಲೋ ಒಂದು ಮೇಜು, ಉದ್ದದ ನೋಟುಪುಸ್ತಕ, ತಪ್ಪು ತೋರಿಸುವ ಒಬ್ಬ ಜೊತೆಗಾರ ಇದ್ದರೆ ಮೊದಲ ಮೂರು ತಿಂಗಳಿಗೆ ಸಾಕು.

ಮಗ್ಗಿ, ವರ್ಗ, ಘನ

25ರವರೆಗೆ ಮಗ್ಗಿ, 30ರವರೆಗೆ ವರ್ಗ, 15ರವರೆಗೆ ಘನ ಬಾಯಿಗೆ ಬರಬೇಕು. ‘ಹದಿನೇಳು ಎಂಟಲೆ’ ಎಂದಾಗ ನೂರಾ ಮೂವತ್ತಾರು ತಾನಾಗಿ ಬಾಯಿಗೆ ಬರಬೇಕು, ಲೆಕ್ಕ ಹಾಕಿ ಬರಬಾರದು. ನಮ್ಮ ಹಿರಿಯರು ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೂ ಕಲಿಯುತ್ತಿದ್ದರು. ಅದು ಇಂದಿಗೂ ಬೆಲೆಯುಳ್ಳ ವಿದ್ಯೆ. ಒಂದೂವರೆಯ ಮಗ್ಗಿ ಬರುವವರಿಗೆ 36ರ ಶೇ 150 ಎಷ್ಟೆಂದು ಕೇಳಿದರೆ 54 ಎನ್ನಲು ಕಾಗದ ಬೇಡ.

ಜೊತೆಗೆ ಅಂಕಿಗಳನ್ನು ಕೂಡಿ ಉತ್ತರ ಪರೀಕ್ಷಿಸುವ ಹಳೆಯ ವಿಧಾನವನ್ನೂ ರೂಢಿಸಿಕೊಳ್ಳಿ. 47 × 83 = 3901 ಸರಿಯೇ? 4 + 7 = 11, ಅದರ ಅಂಕಿಗಳ ಮೊತ್ತ 2. 8 + 3 = 11, ಅದೂ 2. ಗುಣಿಸಿದರೆ 4. ಉತ್ತರದ ಅಂಕಿಗಳು 3 + 9 + 0 + 1 = 13, ಮತ್ತೆ ಕೂಡಿದರೆ 4. ಹೊಂದಿತು. ಅಂಕಿಗಳು ಅದಲುಬದಲಾದರೆ ಈ ವಿಧಾನ ಹಿಡಿಯಲಾರದು, ಆದರೆ ಕೈತಪ್ಪಿನ ಬಹುಪಾಲು ಲೆಕ್ಕಗಳನ್ನು ಹಿಡಿಯುತ್ತದೆ. ನಾಲ್ಕು ಆಯ್ಕೆಗಳಲ್ಲಿ ಒಂದೆರಡನ್ನು ಗುಣಾಕಾರ ಮಾಡದೆಯೇ ತಳ್ಳಿಹಾಕಲೂ ಬರುತ್ತದೆ.

ಇದಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಬಸ್ಸಿನಲ್ಲಿ, ಹೊಲದ ದಾರಿಯಲ್ಲಿ, ಅಡುಗೆ ಮನೆಯಲ್ಲಿ ಎಲ್ಲಿ ಬೇಕಾದರೂ ಆಗುತ್ತದೆ.

ಶೇಕಡಾವಾರಿನಲ್ಲಿ ಹೆಚ್ಚು ದಿನ ನಿಲ್ಲಿ

ಈ ಲೇಖನದಿಂದ ಒಂದೇ ಸಲಹೆ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ. ಲಾಭ–ನಷ್ಟ, ರಿಯಾಯಿತಿ, ಸರಳ ಬಡ್ಡಿ, ಚಕ್ರಬಡ್ಡಿ, ಜನಸಂಖ್ಯೆಯ ಏರಿಳಿತ, ದತ್ತಾಂಶದ ಕೋಷ್ಟಕ, ಎಲ್ಲವೂ ವೇಷ ಬದಲಿಸಿದ ಶೇಕಡಾವಾರು. ಬಹಳ ಮಂದಿ ಇವನ್ನು ಐದಾರು ಬೇರೆ ಬೇರೆ ಅಧ್ಯಾಯಗಳೆಂದು ಭಾವಿಸಿ ಒಂದೊಂದಕ್ಕೂ ಸೂತ್ರ ಉರುಹೊಡೆದು, ಪರೀಕ್ಷೆಯಲ್ಲಿ ಯಾವ ಸೂತ್ರ ಎಲ್ಲಿಗೆ ಎಂದು ಗೊಂದಲಕ್ಕೆ ಬೀಳುತ್ತಾರೆ.

ಮೊದಲ ಕೆಲಸ, ಶೇಕಡಾವನ್ನು ಭಿನ್ನರಾಶಿಯಾಗಿ ನೋಡುವುದು. 1/3 ಎಂದರೆ ಶೇ 33⅓, 1/6 ಎಂದರೆ 16⅔, 1/8 ಎಂದರೆ 12½, 1/9 ಎಂದರೆ 11 1/9, 1/12 ಎಂದರೆ 8⅓. ಹೀಗೆ 1/2ರಿಂದ 1/12ರವರೆಗೆ ಬರೆದು ಕಂಠಪಾಠ ಮಾಡಿ. 640ರ ಶೇ 37½ ಎಷ್ಟು ಎಂದರೆ, 37½ ಎಂಬುದು 12½ರ ಮೂರು ಪಟ್ಟು, ಅಂದರೆ 3/8. 640ರ ಎಂಟನೇ ಒಂದು 80, ಮೂರು ಪಟ್ಟು 240. ದಶಮಾಂಶ ಗುಣಾಕಾರದ ಗೋಜೇ ಇಲ್ಲ.

ಎರಡನೆಯದು, ‘ಯಾವುದರ ಮೇಲೆ’ ಎಂಬ ಪ್ರಶ್ನೆ. ಪ್ರತಿ ಶೇಕಡಾ ಲೆಕ್ಕದಲ್ಲೂ ಇದನ್ನು ಕೇಳಿಕೊಳ್ಳಬೇಕು. ವ್ಯಾಪಾರಿಯೊಬ್ಬ ಒಂದು ಕಿಲೋ ಎಂದು ಹೇಳಿ 900 ಗ್ರಾಂ ತೂಗುತ್ತಾನೆ, ಬೆಲೆ ಮಾತ್ರ ಕೊಂಡ ಬೆಲೆಯೇ. ಅವನ ಲಾಭ ಶೇಕಡಾ ಎಷ್ಟು? ಶೇ 10 ಎಂಬ ಉತ್ತರ ಆಯ್ಕೆಗಳಲ್ಲಿ ಖಂಡಿತ ಇರುತ್ತದೆ, ಅದನ್ನೇ ಗುರುತಿಸುವವರೂ ಬಹಳ. ಆದರೆ ಅವನು ಹಣ ಹಾಕಿದ್ದು 900 ಗ್ರಾಂ ಮೇಲೆ. ಉಳಿಸಿಕೊಂಡದ್ದು 100. ಆದ್ದರಿಂದ 100/900, ಅಂದರೆ 1/9, ಶೇ 11 1/9.

ಅದೇ ರೀತಿ, ಅಕ್ಕಿಯ ಬೆಲೆ ಶೇ 25 ಏರಿದರೆ ಮನೆಯ ಖರ್ಚು ಹೆಚ್ಚಾಗದಂತೆ ಬಳಕೆಯನ್ನು ಎಷ್ಟು ತಗ್ಗಿಸಬೇಕು? ಬೆಲೆ 4 ಇದ್ದದ್ದು 5 ಆಯಿತು. ಐದರಲ್ಲಿ ಒಂದನ್ನು ಬಿಡಬೇಕು, ಅಂದರೆ ಶೇ 20. ಇದನ್ನು ಹೀಗೆ ಕಂಡವರಿಗೆ ಸೂತ್ರ ಬೇಕಾಗುವುದಿಲ್ಲ.

ರಿಯಾಯಿತಿಯ ಲೆಕ್ಕ ನೋಡಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿದು ಮಾರುವವರೊಬ್ಬರು 400 ರೂಪಾಯಿ ಅಸಲಿನ ಪ್ಯಾಂಟಿಗೆ ಶೇ 40 ಏರಿಸಿ 560 ಎಂದು ನಮೂದಿಸುತ್ತಾರೆ, ಆಮೇಲೆ ಶೇ 25 ರಿಯಾಯಿತಿ ಕೊಡುತ್ತಾರೆ. 40ರಲ್ಲಿ 25 ಕಳೆದು ಶೇ 15 ಲಾಭ ಎನ್ನುವುದು ತಪ್ಪು, ಏಕೆಂದರೆ 25 ಇರುವುದು 560ರ ಮೇಲೆ. 560ರ ಕಾಲುಭಾಗ 140, ಮಾರಿದ್ದು 420ಕ್ಕೆ, ಲಾಭ 20, ಅಂದರೆ ಶೇ 5 ಮಾತ್ರ.

ಬಡ್ಡಿಯನ್ನು ನಮ್ಮ ಊರುಗಳಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ‘ಎರಡು ರೂಪಾಯಿ ಬಡ್ಡಿ’ ಎಂದರೆ ತಿಂಗಳಿಗೆ ನೂರಕ್ಕೆ ಎರಡು ಎಂದು ಎಲ್ಲರಿಗೂ ಗೊತ್ತು. ಪರೀಕ್ಷೆಯಲ್ಲಿ ಅದೇ ವಾರ್ಷಿಕ ಶೇ 24 ಎಂದು ಬರುತ್ತದೆ. 50,000 ರೂಪಾಯಿಗೆ ಒಂಬತ್ತು ತಿಂಗಳ ಬಡ್ಡಿ ಕೇಳಿದರೆ, ತಿಂಗಳಿಗೆ ಸಾವಿರ, ಒಂಬತ್ತಕ್ಕೆ ಒಂಬತ್ತು ಸಾವಿರ. ಸೂತ್ರದಿಂದ ಮಾಡಿದರೂ ಅಷ್ಟೇ ಬರುತ್ತದೆ, ಎರಡೂ ದಾರಿಯಲ್ಲಿ ಮಾಡಿ ನೋಡಿ. ಚಕ್ರಬಡ್ಡಿ ಎಂದರೆ ಬಡ್ಡಿಗೂ ಬಡ್ಡಿ. 10,000 ರೂಪಾಯಿಗೆ ಶೇ 10ರಂತೆ ಎರಡು ವರ್ಷಕ್ಕೆ ಸರಳ ಬಡ್ಡಿ 2,000. ಚಕ್ರಬಡ್ಡಿಯಲ್ಲಿ ಮೊದಲ ವರ್ಷದ ಸಾವಿರಕ್ಕೆ ಎರಡನೇ ವರ್ಷ ನೂರು ರೂಪಾಯಿ ಬಡ್ಡಿ ಸೇರಿ 2,100. ಎರಡರ ವ್ಯತ್ಯಾಸ ಕೇಳುವ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಅದರ ತಿರುಳು ಆ ನೂರು ರೂಪಾಯಿ.

ಅಭ್ಯಾಸಕ್ಕೆ ಸುತ್ತಲಿನ ಅಂಕಿಗಳನ್ನೇ ಬಳಸಿ. ಗಂಗಾವತಿ, ಕಾರಟಗಿ ಕಡೆ ಭತ್ತದ ದರ 75 ಕಿಲೋ ಚೀಲದ ಲೆಕ್ಕದಲ್ಲಿ ನಡೆಯುತ್ತದೆ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ. ಒಂದನ್ನು ಇನ್ನೊಂದಕ್ಕೆ ತಿರುಗಿಸುವುದೇ ಅನುಪಾತದ ಪಾಠ. ಸರ್ಕಾರಕ್ಕೆ ಭತ್ತ ಅರೆದು ಕೊಡುವ ಗಿರಣಿಗಳು ಕ್ವಿಂಟಲ್ ಭತ್ತಕ್ಕೆ 67 ಕಿಲೋ ಬೆಳ್ತಿಗೆ ಅಕ್ಕಿ ಕೊಡಬೇಕು. ಹಾಗಾದರೆ 75 ಕಿಲೋ ಚೀಲಕ್ಕೆ ಎಷ್ಟು? 67ರ ಮುಕ್ಕಾಲು, 50 ಕಿಲೋ 250 ಗ್ರಾಂ. ಇಂಥವನ್ನು ದಿನಕ್ಕೆ ನಾಲ್ಕು ನೀವೇ ಹುಟ್ಟುಹಾಕಿ ಬಿಡಿಸಿ.

ಈ ಭಾಗಕ್ಕೆ ಒಂದು ತಿಂಗಳು ಹಿಡಿದರೆ ಹಿಡಿಯಲಿ, ಆತುರ ಬೇಡ.

ಅನುಪಾತ, ಮಿಶ್ರಣ, ಸರಾಸರಿ

ಶೇಕಡಾ ಗಟ್ಟಿಯಾದವರಿಗೆ ಇವು ಬೇಗ ಬರುತ್ತವೆ. ಪಾಲುದಾರಿಕೆಯಲ್ಲಿ ಹಣವನ್ನು ಕಾಲದಿಂದ ಗುಣಿಸಿ ಹೋಲಿಸಿ. 60,000 ರೂಪಾಯಿಯನ್ನು 12 ತಿಂಗಳು ಇಟ್ಟವರಿಗೂ 90,000 ರೂಪಾಯಿಯನ್ನು 8 ತಿಂಗಳು ಇಟ್ಟವರಿಗೂ ಲಾಭದಲ್ಲಿ ಸಮಪಾಲು.

ಮಿಶ್ರಣದ ಲೆಕ್ಕಕ್ಕೆ ಅಡ್ಡಗೆರೆ ಹಾಕುವ ವಿಧಾನವನ್ನು ಎಲ್ಲರೂ ಕಲಿಸುತ್ತಾರೆ, ಕಾರಣ ಹೇಳುವವರು ಕಡಿಮೆ. ಕಿಲೋಗೆ 48 ರೂಪಾಯಿ ಮತ್ತು 60 ರೂಪಾಯಿಯ ಅಕ್ಕಿ ಬೆರೆಸಿ 52 ರೂಪಾಯಿಯದು ಮಾಡಬೇಕು. 48ರ ಅಕ್ಕಿ ಕಿಲೋಗೆ 4 ಕಡಿಮೆ, 60ರ ಅಕ್ಕಿ ಕಿಲೋಗೆ 8 ಹೆಚ್ಚು. ಒಂದು ಕಿಲೋದ ಹೆಚ್ಚನ್ನು ಎರಡು ಕಿಲೋದ ಕಡಿಮೆ ತುಂಬಿಕೊಡುತ್ತದೆ. ಆದ್ದರಿಂದ ಅನುಪಾತ 2:1. ಕಾರಣ ಗೊತ್ತಿದ್ದರೆ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಗೊಂದಲವಿಲ್ಲ.

ಸರಾಸರಿಗೂ ಇದೇ ದೃಷ್ಟಿ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ತಲಾ 210 ಮೆಗಾವಾಟ್‌ನ ಏಳು ಘಟಕಗಳು, 250 ಮೆಗಾವಾಟ್‌ನ ಒಂದು ಘಟಕ. ಘಟಕವೊಂದರ ಸರಾಸರಿ ಸಾಮರ್ಥ್ಯ ತಿಳಿಯಲು 1,720ನ್ನು 8ರಿಂದ ಭಾಗಿಸಬಹುದು. ಅದಕ್ಕಿಂತ ಚುರುಕಾದ ದಾರಿ, ಎಲ್ಲವನ್ನೂ 210 ಎಂದುಕೊಂಡು ಕೊನೆಯ ಘಟಕದ ಹೆಚ್ಚುವರಿ 40ನ್ನು ಎಂಟಕ್ಕೂ ಹಂಚುವುದು. ತಲಾ 5, ಸರಾಸರಿ 215. ತರಗತಿಗೆ ಹೊಸ ವಿದ್ಯಾರ್ಥಿ ಸೇರಿದ, ತಂಡದಿಂದ ಒಬ್ಬ ಹೋದ ಎಂಬ ಪ್ರಶ್ನೆಗಳೆಲ್ಲ ಈ ಹಂಚಿಕೆಯೇ.

ಕೆಲಸ, ನೀರು, ರೈಲು

ಕಾಲ ಮತ್ತು ಕೆಲಸದ ಲೆಕ್ಕದಲ್ಲಿ ಭಿನ್ನರಾಶಿ ಕೂಡುವುದಕ್ಕಿಂತ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಹಿಡಿಯುವುದು ಸುಲಭ. ಒಬ್ಬರು ಒಂದು ಹೊಲದ ಕಳೆಯನ್ನು 12 ದಿನದಲ್ಲಿ, ಇನ್ನೊಬ್ಬರು 18 ದಿನದಲ್ಲಿ ತೆಗೆಯುತ್ತಾರೆ. 12 ಮತ್ತು 18ರ ಲ.ಸಾ.ಅ. 36. ಹೊಲದಲ್ಲಿ 36 ಸಾಲುಗಳಿವೆ ಎಂದುಕೊಳ್ಳಿ. ಮೊದಲನೆಯವರದು ದಿನಕ್ಕೆ 3 ಸಾಲು, ಎರಡನೆಯವರದು 2. ಇಬ್ಬರೂ ಸೇರಿ 5. ಆದ್ದರಿಂದ 36/5, ಅಂದರೆ 7 1/5 ದಿನ. ಮೂವರಾದರೂ, ನಡುವೆ ಒಬ್ಬರು ಬಿಟ್ಟು ಹೋದರೂ ಇದೇ ದಾರಿ ನಡೆಯುತ್ತದೆ. ಮೊಬೈಲಿನ ವಿಡಿಯೊಗಳಲ್ಲಿ ತೋರಿಸುವ ‘ಗುಣಲಬ್ಧವನ್ನು ಮೊತ್ತದಿಂದ ಭಾಗಿಸಿ’ ಎಂಬ ಕಿರುದಾರಿ ಇಬ್ಬರಿಗಷ್ಟೇ ಸರಿ. ಮೂರನೆಯವರು ಬಂದ ಕೂಡಲೇ ಅದು ಕೈಕೊಡುತ್ತದೆ. ಕಿರುದಾರಿಗಳನ್ನು ನಾನು ಬೇಡವೆನ್ನುವುದಿಲ್ಲ. ಅದು ಏಕೆ ನಡೆಯುತ್ತದೆ ಎಂದು ನಿಮ್ಮ ಜೊತೆಗಾರನಿಗೆ ವಿವರಿಸಲು ಬಂದರೆ ಮಾತ್ರ ಬಳಸಿ.

ನಳ ಮತ್ತು ತೊಟ್ಟಿಯ ಲೆಕ್ಕಕ್ಕೆ ನಮ್ಮಲ್ಲಿ ತುಂಗಭದ್ರಾ ಜಲಾಶಯಕ್ಕಿಂತ ಒಳ್ಳೆಯ ಪಾಠವಿಲ್ಲ. ಮಳೆಗಾಲದಲ್ಲಿ ಪತ್ರಿಕೆಗಳು ಒಳಹರಿವು, ಹೊರಹರಿವನ್ನು ಕ್ಯೂಸೆಕ್‌ಗಳಲ್ಲಿ ಪ್ರಕಟಿಸುತ್ತವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಈಗ ಒಳಹರಿವು 50,000, ಹೊರಹರಿವು 10,000 ಕ್ಯೂಸೆಕ್ ಎಂದು ಇಟ್ಟುಕೊಳ್ಳಿ. ನಿವ್ವಳ 40,000. ದಿನಕ್ಕೆ 40,000 × 86,400 = 345.6 ಕೋಟಿ ಘನ ಅಡಿ, ಅಂದರೆ 3.456 ಟಿಎಂಸಿ. ಜಲಾಶಯ ತುಂಬಲು ಇನ್ನು 34.56 ಟಿಎಂಸಿ ಬೇಕಿದ್ದರೆ ಹತ್ತು ದಿನ. ತುಂಬುವ ನಳದಿಂದ ಖಾಲಿ ಮಾಡುವ ನಳವನ್ನು ಕಳೆಯುವುದೇ ಈ ಅಧ್ಯಾಯದ ಸಾರ, ಉಳಿದದ್ದೆಲ್ಲ ಗುಣಾಕಾರ.

ರೈಲಿನ ಲೆಕ್ಕದಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಗಂಟೆಗೆ ಕಿಲೋಮೀಟರನ್ನು ಸೆಕೆಂಡಿಗೆ ಮೀಟರಿಗೆ ತಿರುಗಿಸಲು 5/18ರಿಂದ ಗುಣಿಸುವುದನ್ನು ಮರೆಯುವುದು. ಎರಡು, ಪ್ಲಾಟ್‌ಫಾರ್ಮ್ ದಾಟಲು ರೈಲಿನ ಉದ್ದವನ್ನೂ ಸೇರಿಸಬೇಕೆಂಬುದನ್ನು ಬಿಡುವುದು. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರಿನ ಪ್ಲಾಟ್‌ಫಾರ್ಮ್ ಪ್ರಪಂಚದಲ್ಲೇ ಉದ್ದವಾದದ್ದು, ಸಾಮಾನ್ಯ ಜ್ಞಾನದಲ್ಲೂ ಕೇಳುತ್ತಾರೆ. 493 ಮೀಟರ್ ಉದ್ದದ ರೈಲು ಗಂಟೆಗೆ 72 ಕಿ.ಮೀ. ವೇಗದಲ್ಲಿ ಅದನ್ನು ದಾಟಲು ಎಷ್ಟು ಹೊತ್ತು? ಒಟ್ಟು ದೂರ 2,000 ಮೀಟರ್, ವೇಗ ಸೆಕೆಂಡಿಗೆ 20 ಮೀಟರ್, ಉತ್ತರ 100 ಸೆಕೆಂಡು.

ಸರಾಸರಿ ವೇಗದ ಬಲೆಯೂ ಒಂದಿದೆ. ಹೋಗುವಾಗ ಗಂಟೆಗೆ 40, ಬರುವಾಗ 60 ಕಿ.ಮೀ. ಎಂದರೆ ಸರಾಸರಿ 50 ಅಲ್ಲ. ದೂರವನ್ನು 120 ಎಂದುಕೊಳ್ಳಿ. ಹೋಗಲು 3 ಗಂಟೆ, ಬರಲು 2 ಗಂಟೆ. 240 ಕಿ.ಮೀ.ಗೆ 5 ಗಂಟೆ, ಆದ್ದರಿಂದ 48.

ಉಳಿದ ಅಧ್ಯಾಯಗಳು

ಸಂಖ್ಯೆಗಳು, ಭಾಜ್ಯತೆಯ ನಿಯಮಗಳು, ಲ.ಸಾ.ಅ.–ಮ.ಸಾ.ಅ., ವರ್ಗಮೂಲ: ಶಾಲಾ ಪುಸ್ತಕ ಸಾಕು, ಒಂದು ವಾರದ ಕೆಲಸ. ಕ್ಷೇತ್ರಫಲ, ಘನಫಲಕ್ಕೆ ಸೂತ್ರಗಳನ್ನು ಬಾಯಿಪಾಠ ಮಾಡಲೇಬೇಕು, ಬೇರೆ ದಾರಿಯಿಲ್ಲ. ಇಲ್ಲಿ ಏಕಮಾನ ಬದಲಿಸುವಾಗ ಎಚ್ಚರ ಬೇಕು. ಐದು ಎಕರೆ ಇಪ್ಪತ್ತು ಗುಂಟೆಯನ್ನು 5.2 ಎಕರೆ ಎಂದು ಬರೆಯುವ ರೈತರ ಮಕ್ಕಳು ಯಾರೂ ಇರಲಾರರು, ಎಕರೆಗೆ 40 ಗುಂಟೆ, ಆದ್ದರಿಂದ 5.5. ಆದರೆ 1 ಗಂಟೆ 15 ನಿಮಿಷವನ್ನು 1.15 ಗಂಟೆ ಎಂದು ಬರೆಯುವವರು ಪ್ರತಿ ಅಣಕು ಪರೀಕ್ಷೆಯಲ್ಲೂ ಸಿಗುತ್ತಾರೆ. ಎರಡೂ ಒಂದೇ ತಪ್ಪು. ಗುಂಟೆಯಲ್ಲಿ ತೋರುವ ಎಚ್ಚರವನ್ನು ನಿಮಿಷದಲ್ಲೂ ತೋರಿಸಿ.

ತ್ರಿಕೋನಮಿತಿ, ಬೀಜಗಣಿತದ ಗಟ್ಟಿ ಪ್ರಶ್ನೆಗಳು ಪದವಿ ಮಟ್ಟದ ಪರೀಕ್ಷೆಗಳಲ್ಲಿ ಬರುತ್ತವೆ. ಕಾನ್‌ಸ್ಟೆಬಲ್, ಗ್ರೂಪ್ ‘ಡಿ’ ಗುರಿಯವರು ಇವನ್ನು ಕೊನೆಗೆ ಇಟ್ಟುಕೊಂಡರೆ ನಷ್ಟವಿಲ್ಲ. ಬ್ಯಾಂಕಿನ ಗುರಿಯವರಿಗೆ ಮಾತ್ರ ಸರಳೀಕರಣ, ಸಂಖ್ಯಾಸರಣಿ, ದತ್ತಾಂಶ ವಿಶ್ಲೇಷಣೆ ಮೊದಲು.

ತಪ್ಪುಗಳ ಪುಸ್ತಕ

ಹತ್ತು ಸಾವಿರ ಲೆಕ್ಕ ಬಿಡಿಸಿದೆ ಎಂದು ಹೇಳಿಕೊಳ್ಳುವ ಅಭ್ಯರ್ಥಿಗಳೂ ಅದೇ ಮೂರು ಬಗೆಯ ತಪ್ಪನ್ನು ಕೊನೆಯವರೆಗೆ ಮಾಡುತ್ತಿರುತ್ತಾರೆ. ತಪ್ಪನ್ನು ಬರೆದಿಡದಿರುವುದೇ ಇದಕ್ಕೆ ಕಾರಣ. ಬೇರೆಯೇ ಒಂದು ನೋಟುಪುಸ್ತಕ ಇಡಿ. ತಪ್ಪಾದ ಪ್ರತಿ ಪ್ರಶ್ನೆಯನ್ನು ಪೂರ್ತಿ ಬರೆಯಿರಿ, ಪಕ್ಕದಲ್ಲಿ ಕಾರಣವನ್ನೂ. ಕಾರಣಗಳು ನಾಲ್ಕೇ: ವಿಧಾನ ಗೊತ್ತಿರಲಿಲ್ಲ, ಪ್ರಶ್ನೆಯನ್ನು ತಪ್ಪಾಗಿ ಓದಿದೆ, ಕೂಡುವ ಕಳೆಯುವಲ್ಲಿ ತಪ್ಪಿತು, ಹೊತ್ತು ಸಾಲಲಿಲ್ಲ.

ನಾಲ್ಕಕ್ಕೂ ಮದ್ದು ಬೇರೆ ಬೇರೆ. ವಿಧಾನ ಗೊತ್ತಿಲ್ಲದಿದ್ದರೆ ಅಧ್ಯಾಯಕ್ಕೆ ಮರಳಬೇಕು. ತಪ್ಪು ಓದುವವರು ‘ಏನು ಕೇಳಿದ್ದಾರೆ’ ಎಂಬ ಕೊನೆಯ ವಾಕ್ಯದ ಕೆಳಗೆ ಗೆರೆ ಎಳೆದೇ ಮುಂದೆ ಹೋಗುವ ಅಭ್ಯಾಸ ಮಾಡಬೇಕು. ಲಾಭ ಕೇಳಿದ್ದಾರೋ ಲಾಭದ ಶೇಕಡಾ ಕೇಳಿದ್ದಾರೋ, ಉಳಿದ ದಿನವೋ ಒಟ್ಟು ದಿನವೋ ಎಂಬುದರಲ್ಲೇ ಎಷ್ಟೋ ಅಂಕ ಹೋಗುತ್ತವೆ. ಕೈಲೆಕ್ಕ ತಪ್ಪುವವರು ಅಂಕಿಗಳನ್ನು ದೊಡ್ಡದಾಗಿ, ಒಂದರ ಕೆಳಗೊಂದು ನೇರವಾಗಿ ಬರೆಯಬೇಕು, ಮಗ್ಗಿಗೆ ಹಿಂತಿರುಗಬೇಕು. ಹೊತ್ತು ಸಾಲದಿದ್ದರೆ ಅದು ಕೊನೆಯ ತಿಂಗಳ ಚಿಂತೆ.

ಪ್ರತಿ ಭಾನುವಾರ ಆ ವಾರದ ತಪ್ಪುಗಳನ್ನು ಉತ್ತರ ಮುಚ್ಚಿ ಮತ್ತೆ ಬಿಡಿಸಿ. ಸರಿಯಾದರೆ ಒಂದು ಗುರುತು ಹಾಕಿ. ಬೇರೆ ಬೇರೆ ವಾರಗಳಲ್ಲಿ ಮೂರು ಗುರುತು ಬಿದ್ದ ಪ್ರಶ್ನೆಯನ್ನು ಬಿಟ್ಟುಬಿಡಬಹುದು. ಪರೀಕ್ಷೆಯ ಹಿಂದಿನ ವಾರ ಹೊಸ ಪುಸ್ತಕ ತೆರೆಯಬೇಡಿ. ಇದೊಂದನ್ನು ಓದಿ.

ಓದುವ ಹೊತ್ತಿನ ಬಗ್ಗೆಯೂ ಒಂದು ಮಾತು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ, ತಾಪಮಾನ 40 ಡಿಗ್ರಿ ದಾಟುವ ಮಧ್ಯಾಹ್ನ, ಗಣಿತ ತಲೆಗೆ ಹತ್ತುವುದಿಲ್ಲ. ಬೆಳಗಿನ ಐದರಿಂದ ಏಳರ ಹೊತ್ತನ್ನು ಗಣಿತಕ್ಕೆ ಕೊಟ್ಟು ಮಧ್ಯಾಹ್ನ ಸಾಮಾನ್ಯ ಜ್ಞಾನ ಓದಿ. ಮನೆಗೆಲಸ, ಹೊಲದ ಕೆಲಸದ ನಡುವೆ ಓದುವ ಹೆಣ್ಣುಮಕ್ಕಳಿಗೆ ಎರಡು ಗಂಟೆ ಒಟ್ಟಿಗೆ ಸಿಗುವುದು ಕಷ್ಟ. ಅಂಥವರು ಅರ್ಧ ಗಂಟೆಗೆ ಹತ್ತು ಪ್ರಶ್ನೆ ಎಂದು ಚೀಟಿ ಮಾಡಿಕೊಂಡರೆ ಬಿಡುವು ಸಿಕ್ಕಾಗಲೆಲ್ಲ ಒಂದು ಚೀಟಿ ಮುಗಿಯುತ್ತದೆ.

ಗಡಿಯಾರ ಇಟ್ಟುಕೊಂಡು

ಅಧ್ಯಾಯಗಳು ಮುಗಿದ ಮೇಲೆ ಮಾತ್ರ ಅಣಕು ಪರೀಕ್ಷೆಗೆ ಇಳಿಯಿರಿ. ಎನ್‌ಟಿಪಿಸಿಯ 90 ನಿಮಿಷವನ್ನು 100 ಪ್ರಶ್ನೆಗೆ ಸಮನಾಗಿ ಹಂಚಿದರೆ ತಲಾ 54 ಸೆಕೆಂಡು, ಎದೆ ಒಡೆಯುವ ಲೆಕ್ಕ. ಆದರೆ ಸಾಮಾನ್ಯ ಜ್ಞಾನದ 40 ಪ್ರಶ್ನೆಗಳಿಗೆ ತಲಾ 20 ಸೆಕೆಂಡು ಸಾಕು. ತರ್ಕದ 30ಕ್ಕೆ ತಲಾ ಒಂದು ನಿಮಿಷ ಇಟ್ಟರೂ ಗಣಿತದ 30 ಪ್ರಶ್ನೆಗಳಿಗೆ 46 ನಿಮಿಷಕ್ಕಿಂತ ಹೆಚ್ಚು ಉಳಿಯುತ್ತದೆ, ತಲಾ ಒಂದೂವರೆ ನಿಮಿಷ. ಹೀಗೆ ಹಂಚಿಕೊಂಡವರ ಕೈ ನಡುಗುವುದಿಲ್ಲ. ನಿಮ್ಮ ಪರೀಕ್ಷೆಗೂ ಇಂಥದೇ ಹಂಚಿಕೆ ಬರೆದಿಟ್ಟುಕೊಂಡು ಪ್ರತಿ ಅಣಕು ಪರೀಕ್ಷೆಯಲ್ಲೂ ಅದನ್ನೇ ಪಾಲಿಸಿ.

ಮೊದಲ ಸುತ್ತಿನಲ್ಲಿ ಓದಿದ ಕೂಡಲೇ ದಾರಿ ಕಂಡ ಲೆಕ್ಕಗಳನ್ನಷ್ಟೇ ಮಾಡಿ. ದಾರಿ ಕಂಡರೂ ಉದ್ದವಾದದ್ದನ್ನು ಗುರುತು ಹಾಕಿ ಬಿಡಿ. ದಾರಿಯೇ ಕಾಣದ್ದನ್ನು ಮರೆತುಬಿಡಿ. ಒಂದು ಪ್ರಶ್ನೆಯೊಂದಿಗೆ ಹಠಕ್ಕೆ ಬಿದ್ದು ನಾಲ್ಕು ನಿಮಿಷ ಕಳೆದರೆ, ಕೊನೆಯ ಪುಟದಲ್ಲಿದ್ದ ಮೂರು ಸುಲಭ ಪ್ರಶ್ನೆಗಳು ಕೈತಪ್ಪುತ್ತವೆ.

ಊಹಿಸಬೇಕೆ, ಬಿಡಬೇಕೆ ಎಂಬುದೂ ಒಂದು ಗಣಿತವೇ. ರಾಜ್ಯದ ಹಲವು ಪರೀಕ್ಷೆಗಳಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲುಭಾಗ ಕಡಿತ, ರೈಲ್ವೆಯಲ್ಲಿ ಮೂರನೇ ಒಂದು ಭಾಗ. ನಾಲ್ಕು ಆಯ್ಕೆಗಳಿರುವ, ಏನೂ ಗೊತ್ತಿಲ್ಲದ 16 ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಉತ್ತರಿಸಿದರೆ ಸರಾಸರಿ 4 ಸರಿ, 12 ತಪ್ಪು. ಕಾಲುಭಾಗದ ನಿಯಮದಲ್ಲಿ 4ರಿಂದ 3 ಕಳೆದು 1 ಅಂಕ ಉಳಿಯುತ್ತದೆ. ರೈಲ್ವೆಯ ನಿಯಮದಲ್ಲಿ 4ರಿಂದ 4 ಕಳೆದು ಸೊನ್ನೆ. ಬ್ಯಾಂಕಿನಲ್ಲಿ ಕಾಲುಭಾಗದ ಕಡಿತವಿದ್ದರೂ ಆಯ್ಕೆಗಳು ಐದು, ಆದ್ದರಿಂದ ಅಲ್ಲಿಯೂ ಸೊನ್ನೆ. ಇದು ಸರಾಸರಿಯ ಮಾತು, ಒಂದು ದಿನದ ಅದೃಷ್ಟ ಎತ್ತ ಬೇಕಾದರೂ ವಾಲಬಹುದು. ಆದರೆ ಒಂದೇ ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಲು ಬಂದರೆ ಮೂರೂ ಕಡೆ ಲೆಕ್ಕ ನಿಮ್ಮ ಪರವಾಗಿ ತಿರುಗುತ್ತದೆ. ಕೊನೆಯ ಅಂಕಿ, ಅಂಕಿಗಳ ಮೊತ್ತ, ಉತ್ತರದ ಅಂದಾಜು ಗಾತ್ರ, ಇವು ತಳ್ಳಿಹಾಕಲು ಬೇಕಾದ ಸಾಧನಗಳು.

ಪರೀಕ್ಷೆಯ ದಿನ, ಆಮೇಲೆ

ರೈಲ್ವೆ ಪರೀಕ್ಷೆಯನ್ನೂ ಸಿಬ್ಬಂದಿ ಆಯ್ಕೆ ಆಯೋಗದ ಎಂಟಿಎಸ್ (ಬಹುಕಾರ್ಯ ಸಿಬ್ಬಂದಿ), ಜಿ.ಡಿ. ಪರೀಕ್ಷೆಗಳನ್ನೂ ಕನ್ನಡದಲ್ಲಿ ಬರೆಯಬಹುದು. ಅರ್ಜಿಯಲ್ಲಿ ಭಾಷೆ ಆಯ್ಕೆ ಮಾಡುವಾಗಲೇ ನೋಡಿಕೊಳ್ಳಿ. ಕನ್ನಡದ ವಾಕ್ಯ ತೊಡಕಾಗಿ ಕಂಡರೆ ಇಂಗ್ಲಿಷ್ ಪ್ರಶ್ನೆಯನ್ನೂ ಓದಿ. ರೈಲ್ವೆಯಲ್ಲಿ ಎರಡರ ನಡುವೆ ವ್ಯತ್ಯಾಸ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. 2024ರ ಆಗಸ್ಟ್‌ನ ಕೆಎಎಸ್ ಪೂರ್ವಭಾವಿ ಪರೀಕ್ಷೆಯನ್ನು ಅನುವಾದದ ದೋಷಗಳಿಂದಾಗಿ ಡಿಸೆಂಬರ್‌ನಲ್ಲಿ ಮತ್ತೆ ನಡೆಸಬೇಕಾಯಿತು ಎಂಬುದನ್ನು ನೆನೆದರೆ ಈ ಎಚ್ಚರ ಎಷ್ಟು ಅಗತ್ಯ ಎಂದು ತಿಳಿಯುತ್ತದೆ. ಕನ್ನಡ ಮಾಧ್ಯಮದವರು ಅನುಪಾತ, ಸರಾಸರಿ, ಅಸಲು, ಕೊಂಡ ಬೆಲೆ, ಪರಿಧಿ ಮುಂತಾದ ಐವತ್ತರಷ್ಟು ಪದಗಳ ಇಂಗ್ಲಿಷ್ ರೂಪವನ್ನು ಒಂದು ಹಾಳೆಯಲ್ಲಿ ಬರೆದು ಮೊದಲೇ ಕಲಿತಿರಬೇಕು.

ಕೇಂದ್ರ ನಿಮ್ಮ ಜಿಲ್ಲೆಯಲ್ಲೇ ಸಿಗುತ್ತದೆ ಎಂದು ನೆಚ್ಚಬೇಡಿ. ದೂರದ ಊರಾದರೆ ಹಿಂದಿನ ದಿನವೇ ತಲುಪಿ, ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದ ತಲೆಗೆ ಏಳರ ಮಗ್ಗಿಯೂ ತಪ್ಪುತ್ತದೆ. ಒರಟು ಲೆಕ್ಕದ ಹಾಳೆಯಲ್ಲಿ ಪ್ರಶ್ನೆಯ ಸಂಖ್ಯೆ ಬರೆದೇ ಲೆಕ್ಕ ಮಾಡಿ, ಎರಡನೇ ಸುತ್ತಿಗೆ ಮರಳಿದಾಗ ಬಿಟ್ಟಲ್ಲಿಂದ ಮುಂದುವರಿಸಬಹುದು. ಓಎಂಆರ್ ಹಾಳೆಯಾದರೆ ಎಲ್ಲವನ್ನೂ ಕೊನೆಗೆ ತುಂಬುತ್ತೇನೆ ಎನ್ನಬೇಡಿ, ಹತ್ತು ಪ್ರಶ್ನೆಗೊಮ್ಮೆ ತುಂಬಿ.

ಕೀ ಉತ್ತರ ಬಂದ ದಿನವೇ ಗಣಿತದ ಪ್ರತಿ ಪ್ರಶ್ನೆಯನ್ನೂ ಮನೆಯಲ್ಲಿ ಮತ್ತೆ ಬಿಡಿಸಿ ನೋಡಿ. ಕೀ ಉತ್ತರ ತಪ್ಪಾಗಿದ್ದರೆ ಆಕ್ಷೇಪಣೆ ಸಲ್ಲಿಸಲು ಕೆಲವೇ ದಿನಗಳ ಅವಕಾಶವಿರುತ್ತದೆ. ಇತಿಹಾಸದ ಪ್ರಶ್ನೆಗೆ ಎರಡು ಪುಸ್ತಕ ಎರಡು ಮಾತು ಹೇಳಬಹುದು, ಗಣಿತದಲ್ಲಿ ಬಿಡಿಸಿದ ಹೆಜ್ಜೆಗಳೇ ಸಾಕ್ಷಿ. ರೈಲ್ವೆಯಲ್ಲಿ ಪ್ರತಿ ಆಕ್ಷೇಪಣೆಗೆ 50 ರೂಪಾಯಿ ಮತ್ತು ಬ್ಯಾಂಕ್ ಶುಲ್ಕ ಕಟ್ಟಬೇಕು, ಆಕ್ಷೇಪಣೆ ಸರಿಯೆಂದು ಒಪ್ಪಿದರೆ ಆ 50 ರೂಪಾಯಿ ಹಿಂತಿರುಗುತ್ತದೆ. ಹೆಜ್ಜೆಗಳನ್ನು ಒಂದು ಹಾಳೆಯಲ್ಲಿ ಸ್ಪಷ್ಟವಾಗಿ ಬರೆದು, ಶಾಲಾ ಪಠ್ಯಪುಸ್ತಕದ ಸಂಬಂಧಪಟ್ಟ ಪುಟವನ್ನೂ ಜೊತೆಗೆ ಇಟ್ಟುಕೊಂಡು, ಕೊನೆಯ ದಿನಕ್ಕೆ ಕಾಯದೆ ಸಲ್ಲಿಸಿ.